ಇಂಪ್ಲಾಂಟ್ ಪಂಪ್ ನನ್ನ ಬೆರಳಿಗೆ ಒಗ್ಗಿದ ಬಗೆ
ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಆಪರೇಷನ್ ಆದ ಮೇಲೆ ನನಗೆ ನಿಮಿರುವಿಕೆ ವಾಪಸ್ ಬರಲಿಲ್ಲ. ಮಾತ್ರೆ, ಇಂಜೆಕ್ಷನ್, ವ್ಯಾಕ್ಯೂಮ್ ಸಾಧನ ಎಲ್ಲ ಆಯಿತು. ಯಾವುದೂ ನಮಗೆ ಹೊಂದಲಿಲ್ಲ. ಕೊನೆಗೆ ನಾನು, ನನ್ನ ಹೆಂಡತಿ ಕೂತು ಮಾತಾಡಿ, ಪಂಪ್ ಇರುವ ಇಂಪ್ಲಾಂಟ್ ಹಾಕಿಸಿಕೊಳ್ಳೋಣ ಎಂದು ನಿರ್ಧರಿಸಿದೆವು. ಆಪರೇಷನ್ ಬಗ್ಗೆ ಡಾಕ್ಟರ್ ಬೇಕಾದಷ್ಟು ಹೇಳಿದರು. ಆದರೆ ಪಂಪನ್ನು ಕತ್ತಲೆಯಲ್ಲೂ ಸಲೀಸಾಗಿ ಒತ್ತುವ ಮಟ್ಟಕ್ಕೆ ಬರುವುದು ಬೇರೆಯೇ ಕೆಲಸ. ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಒಳಗೆ ಏನಿದೆ ಅಂತ ತಿಳಿದಿರಬೇಕು. ಶಿಶ್ನದೊಳಗೆ ಎರಡು ಸಿಲಿಂಡರ್. ವೃಷಣಗಳ ಚೀಲದಲ್ಲಿ ಪಂಪ್. ಕಿಬ್ಬೊಟ್ಟೆಯ ಒಳಗೆ ಸಲೈನ್ ತುಂಬಿದ ಸಣ್ಣ ಚೀಲ, ಅದಕ್ಕೆ ರಿಸರ್ವಾಯರ್ ಅನ್ನುತ್ತಾರೆ. ಪಂಪ್ ಒತ್ತಿದರೆ ಸಲೈನ್ ರಿಸರ್ವಾಯರ್‌ನಿಂದ ಸಿಲಿಂಡರ್‌ಗೆ ಹೋಗುತ್ತದೆ, ಶಿಶ್ನ ಗಟ್ಟಿಯಾಗುತ್ತದೆ. ಬಿಡುವ ಗುಂಡಿ ಒತ್ತಿದರೆ ಅದೇ ನೀರು ವಾಪಸ್ ಹೋಗುತ್ತದೆ. ಹೊರಗಿನಿಂದ ಏನೂ ತುಂಬುವ ಹಾಗಿಲ್ಲ. ಡಾ. ಬ್ರ್ಯಾಂಟ್ಲಿ ಸ್ಕಾಟ್ ಮತ್ತು ಅವರ ಜೊತೆಗಾರರು ಅಮೆರಿಕದಲ್ಲಿ 1973ರಲ್ಲಿ ಇಂಥ ಇಂಪ್ಲಾಂಟ್ ತೋರಿಸಿಕೊಟ್ಟರು. ಆಮೇಲೆ ತುಂಬಾ ಸುಧಾರಣೆ ಆಗಿದೆ, ಆದರೆ ಮೂಲ ಉಪಾಯ ಇವತ್ತಿಗೂ ಅದೇ.

ಪಂಪ್ ಕಲಿಯುವುದು ಡಾಕ್ಟರ್ ಅದನ್ನು ಚಾಲೂ ಮಾಡಿದ ದಿನದಿಂದ ಅಲ್ಲ, ಅದಕ್ಕೂ ಮುಂಚೆಯೇ ಶುರುವಾಗುತ್ತದೆ. ಸಾಮಾನ್ಯವಾಗಿ 4ರಿಂದ 6 ವಾರ ಗಾಯ ಮಾಯಲು ಬಿಡುತ್ತಾರೆ. ಊತ ಸ್ವಲ್ಪ ಇಳಿದ ಮೇಲೆ, ಬಿಸಿನೀರಿನ ಸ್ನಾನ ಮಾಡುವಾಗ ಪಂಪನ್ನು ಹುಡುಕಿ ಮೆಲ್ಲಗೆ ಕೆಳಕ್ಕೆ ಎಳೆಯಲು ನನ್ನ ಡಾಕ್ಟರ್ ಹೇಳಿದ್ದರು. ಬಿಸಿನೀರಿಗೆ ಚೀಲದ ಚರ್ಮ ಸಡಿಲವಾಗುತ್ತದೆ, ಪಂಪ್ ಸುಲಭವಾಗಿ ಕೈಗೆ ಸಿಗುತ್ತದೆ. ಇದನ್ನು ಯಾಕೆ ಮಾಡಬೇಕು ಅಂದ್ರೆ, ದೇಹ ಪಂಪಿನ ಸುತ್ತ ತೆಳು ಪೊರೆ ಕಟ್ಟುತ್ತದೆ. ಆಗ ಪಂಪ್ ಎಲ್ಲಿರುತ್ತದೋ ಅಲ್ಲೇ ನೆಲೆಯಾಗುತ್ತದೆ. ಮೇಲೆ ಹೋಗಿ ಕೂತರೆ ಆಮೇಲೆ ಜೀವನಪೂರ್ತಿ ಹುಡುಕಾಟ. ಬೇಸರವಾದರೂ ಇದನ್ನು ತಪ್ಪಿಸಬೇಡಿ. ಇನ್ನೂ ಒಂದು ಲಾಭ ಇದೆ. ಒತ್ತುವ ದಿನ ಬರುವ ಹೊತ್ತಿಗೆ ಬೆರಳಿಗೆ ಪಂಪಿನ ಆಕಾರ ಪರಿಚಯ ಆಗಿರುತ್ತದೆ.

ಆ ಆಕಾರ ಹೀಗಿದೆ. ಕೆಳಗೆ ಮೆತ್ತಗಿನ ಬಲ್ಬ್, ಬಿಪಿ ನೋಡುವಾಗ ಒತ್ತುವ ರಬ್ಬರ್ ಬಲ್ಬಿನ ಪುಟ್ಟ ರೂಪ. ಅದರ ಮೇಲೆ ಸ್ವಲ್ಪ ಗಟ್ಟಿಯಾದ ಪುಟ್ಟ ಬ್ಲಾಕ್. ನೀರು ವಾಪಸ್ ಬಿಡುವ ಗುಂಡಿ ಇರುವುದು ಅಲ್ಲೇ. ಅದರ ಮೇಲೆ ಸಪೂರ ಟ್ಯೂಬುಗಳು. ಕಣ್ಣು ಮುಚ್ಚಿ ಈ ಮೂರನ್ನೂ ಬೇರೆ ಬೇರೆಯಾಗಿ ಗುರುತಿಸಲು ಬಂದರೆ ಅರ್ಧ ಕಲಿತ ಹಾಗೆ. ಎಎಂಎಸ್ 700, ಟೈಟನ್ ಇಂಥ ಮಾದರಿಗಳಲ್ಲಿ ಗುಂಡಿಯ ಜಾಗ, ಒತ್ತುವ ರೀತಿ ಒಂದೇ ಥರ ಇರುವುದಿಲ್ಲ. ನಿಮ್ಮದು ಯಾವುದು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಡೆಮೊ ಪಂಪ್ ಇದ್ದರೆ ಕೈಯಲ್ಲಿ ಹಿಡಿದು ನೋಡಿ. ನನಗೆ ಅದರಿಂದ ಆದಷ್ಟು ಉಪಕಾರ ಯಾವ ಚಿತ್ರದಿಂದಲೂ ಆಗಲಿಲ್ಲ.

ಮೊದಲ ಸಲ ಒತ್ತಿದ್ದು ಡಾಕ್ಟರ ಎದುರಿಗೇ. ನೋವು ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅದು ಪಂಪಿನ ನೋವಲ್ಲ, ಇನ್ನೂ ಹಸಿಯಾಗಿದ್ದ ಜಾಗದ ನೋವು. ಮೊದಲ ಒತ್ತು ಯಾವಾಗಲೂ ಬಿಗಿ. ಒಳಗಿನ ವಾಲ್ವ್ ತೆರೆಯಲು ಸ್ವಲ್ಪ ಜಾಸ್ತಿ ಬಲ ಬೇಕು. ಅದು ತೆರೆದದ್ದು ಬೆರಳಿಗೆ ತಿಳಿಯುತ್ತದೆ, ಆಮೇಲೆ ಬಲ್ಬ್ ಮೆತ್ತಗಾಗುತ್ತದೆ.

ಪಂಪ್ ಚರ್ಮದಡಿ ಜಾರುತ್ತದೆ, ದೊಡ್ಡ ತೊಂದರೆ ಅದೇ. ಒಂದೇ ಕೈಯಲ್ಲಿ ಹಿಡಿಯಲು ಹೋದರೆ ಮೇಲಕ್ಕೆ ಓಡುತ್ತದೆ. ನನಗೆ ಒಗ್ಗಿದ ಉಪಾಯ ಇದು. ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಬ್ಲಾಕಿನ ಮೇಲ್ಭಾಗವನ್ನು ಹಿಡಿದು ಪಂಪನ್ನು ಕೆಳಗೇ ನಿಲ್ಲಿಸುತ್ತೇನೆ. ಬಲಗೈಯಿಂದ ಬಲ್ಬನ್ನು ಪೂರ್ತಿ ಒತ್ತುತ್ತೇನೆ. ಆಮೇಲೆ ಪೂರ್ತಿ ಬಿಡುತ್ತೇನೆ. ಬಲ್ಬ್ ಮತ್ತೆ ಉಬ್ಬುವವರೆಗೆ ಕಾದು ಮುಂದಿನ ಒತ್ತು. ಅವಸರದಲ್ಲಿ ಪಟಪಟ ಅಂತ ಒತ್ತಿದರೆ ಬಲ್ಬ್ ತುಂಬಲು ಸಮಯವೇ ಸಿಗುವುದಿಲ್ಲ, ಸುಮ್ನೆ ಬೆರಳು ನೋಯುತ್ತದೆ. ಕೈ ಒಣಗಿರಲಿ, ಸೋಪು, ಎಣ್ಣೆ, ಜೆಲ್ ಇರಬಾರದು. ಎಷ್ಟು ಸಲ ಒತ್ತಬೇಕು ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು. ಸಿಲಿಂಡರ್ ತುಂಬಿದ ಮೇಲೆ ಬಲ್ಬ್ ಗಟ್ಟಿಯಾಗಿ ಎದುರು ಒತ್ತುತ್ತದೆ, ಅಲ್ಲಿಗೆ ನಿಲ್ಲಿಸುತ್ತೇನೆ.

ತುಂಬುವುದಕ್ಕಿಂತ ಇಳಿಸುವುದೇ ನನಗೆ ಕಷ್ಟವಾದದ್ದು. ತುಂಬಿದ ಶಿಶ್ನ ಅಡ್ಡ ಬರುತ್ತದೆ, ಮೇಲಾಗಿ ಗುಂಡಿ ಚಿಕ್ಕದು. ನನ್ನ ಪಂಪಿನಲ್ಲಿ ಗುಂಡಿ ಬ್ಲಾಕಿನ ಒಂದು ಮುಖದ ಮೇಲಿದೆ. ಬೇರೆ ಬದಿ ಎಷ್ಟು ಒತ್ತಿದರೂ ಏನೂ ಆಗುವುದಿಲ್ಲ. ಅದಕ್ಕೇ ಮೊದಲು ಬ್ಲಾಕನ್ನು ಬೆರಳಲ್ಲಿ ಮೆಲ್ಲಗೆ ತಿರುಗಿಸಿ, ಗುಂಡಿಯ ಉಬ್ಬು ಹೆಬ್ಬೆರಳಿಗೆ ಸಿಕ್ಕ ಮೇಲೆ ಹಿಂದಿನಿಂದ ತೋರುಬೆರಳು ಕೊಟ್ಟು, ಕೆಲವು ಸೆಕೆಂಡ್ ಗಟ್ಟಿಯಾಗಿ ಒತ್ತಿ ಹಿಡಿಯುತ್ತೇನೆ. ಆಮೇಲೆ ಗುಂಡಿ ಬಿಟ್ಟು, ಶಿಶ್ನವನ್ನು ಅಂಗೈಯಲ್ಲಿ ಹಿಡಿದು ಮೃದುವಾಗಿ ಅದುಮಿದರೆ ಉಳಿದ ನೀರು ಹಿಂದಕ್ಕೆ ಹೋಗುತ್ತದೆ. ಈ ಅದುಮುವ ಕೆಲಸಕ್ಕೆ ಸಮಯ ಕೊಡಬೇಕು. ಅರ್ಧಕ್ಕೆ ಬಿಟ್ಟರೆ ದಿನವಿಡೀ ಅರೆ ಗಟ್ಟಿಯಾಗಿಯೇ ಇರುತ್ತದೆ.

ಒಂದು ಸಲ ಒತ್ತಿದ ಬಲ್ಬ್ ತಗ್ಗಾಗಿ ಹಾಗೇ ನಿಂತುಬಿಟ್ಟಿತು, ಉಬ್ಬಲೇ ಇಲ್ಲ. ಇದು ಆಗಬಹುದು ಅಂತ ಡಾಕ್ಟರ್ ಮುಂಚೆಯೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ಅವರು ತೋರಿಸಿದ ಹಾಗೆ ಬಿಡುವ ಗುಂಡಿಯನ್ನು ಗಟ್ಟಿಯಾಗಿ ಒತ್ತಿ ಹಿಡಿದೆ, ಬಲ್ಬ್ ಮತ್ತೆ ತುಂಬಿತು. ಹಾಗೆ ಮಾಡಿದರೂ ಸರಿಹೋಗದಿದ್ದರೆ ಬಲಪ್ರಯೋಗ ಬೇಡ, ಡಾಕ್ಟರಿಗೆ ಫೋನ್ ಮಾಡಿ.

ಚಾಲೂ ಆದ ಮೇಲೆ ದಿನವೂ ತುಂಬಿ, ಸ್ವಲ್ಪ ಹೊತ್ತು ಹಾಗೇ ಬಿಟ್ಟು, ಇಳಿಸುವ ಅಭ್ಯಾಸ ಮಾಡಿದೆ. ಡಾಕ್ಟರ್ ಹೇಳಿದ ಅವಧಿ ಮೀರಲಿಲ್ಲ. ಮೊದಮೊದಲು ತುದಿಯಲ್ಲಿ ಎಳೆತ ಇತ್ತು, ಬರಬರುತ್ತಾ ಹೋಯಿತು. ಅವರು ಒಪ್ಪುವವರೆಗೆ ಸಂಭೋಗಕ್ಕೆ ಹೋಗಲಿಲ್ಲ.

ಆಮೇಲೆ ನನ್ನ ಹೆಂಡತಿಯೂ ಕಲಿತಳು. "ನನಗೂ ತೋರಿಸು" ಅಂದಳು, ನಾನು ತೋರಿಸಿದೆ. ಅವಳ ಬೆರಳು ಸಣ್ಣದು, ಗುಂಡಿ ಅವಳಿಗೆ ನನಗಿಂತ ಬೇಗ ಸಿಗುತ್ತದೆ. ಅಲ್ಲಿಯವರೆಗೆ ಪಂಪ್ ಒತ್ತುವ ಹೊತ್ತು ನಮ್ಮಿಬ್ಬರ ಮಧ್ಯೆ ಒಂದು ಅಡಚಣೆಯಂತೆ ಇತ್ತು. ಅವಳು ಕೈ ಹಾಕಿದ ಮೇಲೆ ಅದೂ ಮುದ್ದಿನ ಭಾಗವಾಯಿತು. ಸಾಧ್ಯವಿದ್ದವರು ಸಂಗಾತಿಯನ್ನು ಮೊದಲಿನಿಂದಲೇ ಸೇರಿಸಿಕೊಳ್ಳಿ.

ಸ್ಪರ್ಶ ಸುಖ ನನಗೆ ಮುಂಚಿನಂತೆಯೇ ಇದೆ. ಸುಖದ ತುದಿ ಮುಟ್ಟುವುದಕ್ಕೂ ಅಡ್ಡಿಯಿಲ್ಲ. ವೀರ್ಯ ಬರುವುದಿಲ್ಲ, ಅದು ಪ್ರಾಸ್ಟೇಟ್ ತೆಗೆದದ್ದರಿಂದ, ಇಂಪ್ಲಾಂಟಿನಿಂದಲ್ಲ. ಶಿಶ್ನದ ತುದಿ ಮಾತ್ರ ಮೆತ್ತಗೇ ಉಳಿಯುತ್ತದೆ, ಯಾಕಂದ್ರೆ ಸಿಲಿಂಡರ್ ಅಲ್ಲಿಯವರೆಗೆ ಹೋಗುವುದಿಲ್ಲ. ಉದ್ದ ಸ್ವಲ್ಪ ಕಡಿಮೆಯಾದಂತೆ ಅನಿಸಿತು. ಇದೆಲ್ಲ ಮೊದಲೇ ಗೊತ್ತಿದ್ದರೆ ಒಳ್ಳೆಯದು ಅಲ್ವಾ?

ನೋವು ದಿನೇದಿನೇ ಏರಿದರೆ, ಚರ್ಮ ಕೆಂಪಾಗಿ ಬಿಸಿಯಾದರೆ, ಕೀವು ಬಂದರೆ, ಜ್ವರ ಬಂದರೆ, ಪಂಪ್ ಒಳಗಿನಿಂದ ಚರ್ಮಕ್ಕೆ ಅಂಟಿಕೊಂಡಂತೆ ಕಂಡರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ಸೋಂಕನ್ನು ಮನೆಯಲ್ಲಿ ಕಾದು ನೋಡಬಾರದು. ಮುಂದೆ ಬೇರೆ ಯಾವ ಕಾಯಿಲೆಗೆ ಆಸ್ಪತ್ರೆ ಸೇರಿದರೂ, ಮೂತ್ರದ ಟ್ಯೂಬ್ ಹಾಕುವ ಮುಂಚೆ ಇಂಪ್ಲಾಂಟ್ ಇದೆ ಎಂದು ಹೇಳಲೇಬೇಕು. ನೀರು ಪೂರ್ತಿ ಇಳಿಸಿದ ಮೇಲೆಯೇ ಟ್ಯೂಬ್ ಹಾಕಬೇಕು. ನಾನು ಮಾತಾಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಅಂತ ಇಂಪ್ಲಾಂಟ್ ಕಾರ್ಡನ್ನು ಪರ್ಸಿನಲ್ಲೇ ಇಟ್ಟಿದ್ದೇನೆ. ಇಳಿಸುವ ಗುಂಡಿ ಎಲ್ಲಿದೆ ಅಂತ ನನ್ನ ಹೆಂಡತಿಗೂ ಗೊತ್ತು.