ಗುಂಪಿನ ಜೊತೆ ಹೋಗಿ, ನಡುನಡುವೆ ಗುಂಪು ಬಿಟ್ಟು

ಅಪ್ಪನಿಗೆ 71, ಅವ್ವನಿಗೆ 66. ಮಂಡ್ಯ ಬಿಟ್ಟು ಅವರು ಕಂಡಿದ್ದ ದೂರದ ಊರು ಅಂದರೆ ಕಾಶಿ. 2024ರಲ್ಲಿ ಇಬ್ಬರನ್ನೂ ಮಲೇಷ್ಯಾ, ಸಿಂಗಾಪುರಕ್ಕೆ ಕರೆದುಕೊಂಡು ಹೋದೆ. ಮೈಸೂರಿನಿಂದ ಹೊರಟ ಗ್ರೂಪ್ ಟೂರ್, ಏಳು ದಿನ, ಮೂವತ್ತೆರಡು ಜನ. ನಾವು ಮೂವರೇ ಹೋಗೋಣ ಅಂತಲೂ ಯೋಚಿಸಿದ್ದೆ. ಅವ್ವ ಒಪ್ಪಲಿಲ್ಲ. "ನಮ್ ಮಾತಾಡೋರು ನಾಲ್ಕು ಜನ ಜೊತೇಲಿರ್ಲಿ ಕಣಪ್ಪ" ಅಂದಳು.

ಮೊದಲ ತೊಡಕು ಪಾಸ್‌ಪೋರ್ಟ್. ಅಪ್ಪನ ಹೆಸರು ಪಹಣಿಯಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ. ಸಾಲದ್ದಕ್ಕೆ ಆಧಾರ್‌ನಲ್ಲಿ ಹೆಸರಿನ ಜೊತೆ ಇನಿಶಿಯಲ್ ಇತ್ತು. ಪಾಸ್‌ಪೋರ್ಟಿಗೆ ಇನಿಶಿಯಲ್ ನಡೆಯೋದಿಲ್ಲ, ಅದನ್ನು ಬಿಡಿಸಿ ಬರೆಯಬೇಕು. ಮೊದಲು ಆಧಾರ್ ತಿದ್ದಿಸಿ ಆಮೇಲೆ ಅರ್ಜಿ ಹಾಕಿದೆವು. ಇದಕ್ಕೇ ಎರಡು ತಿಂಗಳು ಹೋಯಿತು. ಹಾಗಾಗಿ ಟೂರಿಗೆ ಮುಂಗಡ ಕಟ್ಟುವ ಮುಂಚೆ ಹೆತ್ತವರ ಹೆಸರು ಎಲ್ಲ ದಾಖಲೆಯಲ್ಲೂ ಒಂದೇ ಥರ ಇದೆಯಾ ನೋಡಿಕೊಳ್ಳಿ. ವೀಸಾ ಕೆಲಸ ಅಷ್ಟು ಕಷ್ಟ ಅಲ್ಲ. ಸಿಂಗಾಪುರಕ್ಕೆ ಬೇಕು, ಟೂರಿನವರೇ ಮಾಡಿಸಿದರು. ಮಲೇಷ್ಯಾಕ್ಕೆ 2023ರ ಡಿಸೆಂಬರ್‌ನಿಂದ ನಮ್ಮವರಿಗೆ ಮೂವತ್ತು ದಿನದವರೆಗೆ ವೀಸಾ ಬೇಕಿಲ್ಲ. ಆದರೆ ಎರಡೂ ದೇಶಕ್ಕೆ, ಅಲ್ಲಿ ತಲುಪುವ ಹಿಂದಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ಆಗಮನದ ಕಾರ್ಡ್ ತುಂಬಬೇಕು.

ಟೂರಿನವರು ಕೊಟ್ಟ ಪಟ್ಟಿಯಲ್ಲಿ ಜಾಗಗಳ ಹೆಸರು ಮಾತ್ರ ಇತ್ತು. ನಾನು ಕುಳಿತು ಬೇರೆಯೇ ಪ್ರಶ್ನೆ ಕೇಳಿದೆ. ಬೆಳಿಗ್ಗೆ ಎಷ್ಟು ಗಂಟೆಗೆ ಹೊರಡಬೇಕು? ಬಸ್ ಎಲ್ಲಿ ನಿಲ್ಲುತ್ತೆ, ಅಲ್ಲಿಂದ ಎಷ್ಟು ನಡೆಯಬೇಕು? ರಾತ್ರಿ ಊಟ ಎಷ್ಟು ಹೊತ್ತಿಗೆ? ಒಂದು ಮಧ್ಯಾಹ್ನ ನಾವು ಬರದಿದ್ದರೆ ನಡೆಯುತ್ತಾ? ಕೊನೆಯದಕ್ಕೆ "ನಡೆಯುತ್ತೆ" ಅಂದರು. ಅದೊಂದು ಮಾತಿನ ಮೇಲೆ ದುಡ್ಡು ಕಟ್ಟಿದೆ. ಬಿಪಿ, ಶುಗರ್ ಇರುವುದನ್ನು ಮುಚ್ಚಿಡದೆ ಬರೆದು ಇನ್ಶೂರೆನ್ಸ್ ಮಾಡಿಸಿದೆ. ಅಪ್ಪನ ಮಂಡಿ ನೋವಿಗೆ ವಿಮಾನದವರಿಗೆ ಮೊದಲೇ ಹೇಳಿ ಗಾಲಿ ಕುರ್ಚಿ ಕೇಳಿದೆ. ಅದಕ್ಕೆ ಬೇರೆ ದುಡ್ಡು ಕೇಳಲಿಲ್ಲ. ಅಪ್ಪ ಬೇಡ ಅಂದರು, ಆದರೆ ಬೆಂಗಳೂರು ವಿಮಾನ ನಿಲ್ದಾಣದ ಉದ್ದ ನೋಡಿ ಸುಮ್ನೆ ಕುಳಿತರು.

ಅವ್ವ ಕಜ್ಜಾಯ ಮಾಡಿಟ್ಟಿದ್ದಳು. ಡಬ್ಬಿ ತೆಗೆದು ನೋಡಿದರೆ ಮೇಲೆಲ್ಲ ಗಸಗಸೆ. ಸಿಂಗಾಪುರಕ್ಕೆ ಗಸಗಸೆ ಒಯ್ಯುವಂತಿಲ್ಲ. ಅವರ ಕಾನೂನಿಗೆ ಅದು ಅಫೀಮು ಗಿಡದ ಬೀಜ. ಅಪ್ಪನ ಎಲೆ ಅಡಿಕೆ ಚೀಲದಲ್ಲಿದ್ದ ಹೊಗೆಸೊಪ್ಪೂ ಅಲ್ಲಿ ನಿಷೇಧ. ಕಜ್ಜಾಯ ಪಕ್ಕದ ಮನೆಗೆ ಹೋಯಿತು, ಹೊಗೆಸೊಪ್ಪು ಗೂಡಿನಲ್ಲಿ ಉಳಿಯಿತು. ಬದಲಿಗೆ ರಾಗಿ ಹುರಿಹಿಟ್ಟು, ಬೆಲ್ಲ, ಚಟ್ನಿಪುಡಿ, ಅವಲಕ್ಕಿ ಕಟ್ಟಿಕೊಂಡೆವು. ಅದು ನಿಜವಾಗಿ ಕೈ ಹಿಡಿಯಿತು. ಟೂರಿನ "ಭಾರತೀಯ ಊಟ" ಅಂದರೆ ದಿನಾ ಪನ್ನೀರು, ನಾನ್. ಒಂದು ರಾತ್ರಿ ತಟ್ಟೆ ಮುಂದೆ ಬರುವಷ್ಟರಲ್ಲಿ ಒಂಬತ್ತೂವರೆ. ಶುಗರ್ ಇರುವ ಅವ್ವನಿಗೆ ಅಷ್ಟು ಹೊತ್ತು ಕಾಯಲು ಆಗೋದಿಲ್ಲ. ಹುರಿಹಿಟ್ಟು ಕಲಸಿ ಬಸ್ಸಿನಲ್ಲೇ ಕೊಟ್ಟೆ. ಮಾತ್ರೆಗಳನ್ನು ಯಾವತ್ತೂ ದೊಡ್ಡ ಸೂಟ್‌ಕೇಸಿಗೆ ಹಾಕಬೇಡಿ, ಕೈಚೀಲದಲ್ಲೇ ಇರಲಿ.

ಕೌಲಾಲಂಪುರದಲ್ಲಿ ಇಳಿದಾಗ ಒಂದು ಗಾಬರಿ. ಇಮಿಗ್ರೇಷನ್‌ನಲ್ಲಿ ಬೆರಳಚ್ಚು ತೆಗೆಯುತ್ತಾರೆ. ಐವತ್ತು ವರ್ಷ ಕಬ್ಬು, ಭತ್ತದ ಗದ್ದೆಯಲ್ಲಿ ದುಡಿದು ಅಪ್ಪನ ಬೆರಳಿನ ಗೆರೆಯೆಲ್ಲ ಸವೆದಿದೆ. ಊರಿನ ರೇಷನ್ ಅಂಗಡಿಯಲ್ಲೂ ಇದೇ ಕಥೆ. ಇಲ್ಲೂ ನಾಲ್ಕು ಸಲ ಒತ್ತಿದರೂ ಯಂತ್ರಕ್ಕೆ ಸಿಗಲಿಲ್ಲ. ಅಲ್ಲಿದ್ದ ಹುಡುಗಿ ಬೆರಳು ಒರೆಸಿಕೊಟ್ಟು, ತಾಳ್ಮೆಯಿಂದ ಮತ್ತೆ ಒತ್ತಿಸಿದಳು. ಆರನೇ ಸಲ ಬಂತು. ಆಮೇಲೆ ಪ್ರತಿ ಗಡಿ ಬರುವ ಮುಂಚೆ ಅಪ್ಪನ ಬೆರಳಿಗೆ ಸ್ವಲ್ಪ ಕ್ರೀಮ್ ತಿಕ್ಕಿಸುತ್ತಿದ್ದೆ. ಒಣಗಿದ ಚರ್ಮಕ್ಕಿಂತ ಹಸಿ ಇರುವುದು ಬೇಗ ಹಿಡಿಯುತ್ತೆ.

ಕೌಲಾಲಂಪುರದ ಹತ್ತಿರದ ಬಟು ಗುಹೆಯ ಮುರುಗನ ವಿಗ್ರಹ 140 ಅಡಿ, ಗುಹೆಗೆ 272 ಮೆಟ್ಟಿಲು. ನಮಗೆ ಕೊಟ್ಟ ಸಮಯ ಮುಕ್ಕಾಲು ಗಂಟೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವಳು ಅವ್ವ, ಇದನ್ನು ಬಿಡುತ್ತಾಳಾ? ಆದರೆ ಅಪ್ಪನ ಕೈಲಿ ಆಗೋದಿಲ್ಲ. ನಾನು ಯಾರ ಜೊತೆ ಇರಲಿ? ಆಗ ಗುಂಪಿನ ಬೆಲೆ ತಿಳಿಯಿತು. ಮೈಸೂರಿನ ಕುವೆಂಪುನಗರದ ಒಬ್ಬ ನಿವೃತ್ತ ಟೀಚರ್, ಮೊದಲ ದಿನದಿಂದಲೂ ಅವ್ವನ ಪಕ್ಕದ ಸೀಟು, "ನೀವು ಅಪ್ಪನ ಹತ್ರ ಇರಿ, ನಾವಿಬ್ರೂ ಹೋಗ್ತೀವಿ" ಅಂತ ಅವ್ವನ ಕೈ ಹಿಡಿದು ಹೊರಟೇಬಿಟ್ಟರು. ನಾನೂ ಅಪ್ಪನೂ ಕೆಳಗೆ ಎಳನೀರು ಕುಡಿಯುತ್ತಾ ಕುಳಿತೆವು. ಇಬ್ಬರೂ ಹತ್ತು ನಿಮಿಷ ತಡವಾಗಿ ಇಳಿದರು. ಅವ್ವನ ಮುಖ ನೋಡಿ ಬಸ್ಸಿನಲ್ಲಿ ಯಾರೂ ಗೊಣಗಲಿಲ್ಲ. ಜೆಂಟಿಂಗ್, ಪೆಟ್ರೋನಾಸ್ ಗೋಪುರ ಎಲ್ಲ ನೋಡಿದೆವು, ಚೆನ್ನಾಗಿವೆ. ಅವರಿಬ್ಬರ ನೆನಪಿನಲ್ಲಿ ಅವು ಜಾಸ್ತಿ ಉಳಿದಿಲ್ಲ.

ಸಿಂಗಾಪುರಕ್ಕೆ ಬಸ್ಸಿನಲ್ಲೇ ಹೋದೆವು. ಗಡಿಯಲ್ಲಿ ಎರಡು ಸಲ ಇಳಿಯಬೇಕು, ಎರಡು ಸಲ ಸಾಲು, ಸಾಮಾನೂ ಎಳೆಯಬೇಕು. ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ವಯಸ್ಸಾದವರ ಜೊತೆ ಹೋಗುವವರು ಆ ದಿನಕ್ಕೆ ಚಿಕ್ಕ ಗಾಲಿ ಪೆಟ್ಟಿಗೆ ಇಟ್ಟುಕೊಳ್ಳಿ.

ಎರಡು ದೇಶದ ನಡುವಿನ ಆ ಸೇತು ರಸ್ತೆಯ ಪಕ್ಕದಲ್ಲಿ ದಪ್ಪ ದಪ್ಪ ಪೈಪುಗಳು ಹೋಗುತ್ತವೆ. ಅಪ್ಪ ಕಿಟಕಿಗೆ ಮುಖ ಒತ್ತಿ "ಅದೇನದು?" ಅಂದರು. ನೀರು ಅಂದೆ. ಸಿಂಗಾಪುರ ಮಲೇಷ್ಯಾದ ಜೋಹರ್ ರಾಜ್ಯದಿಂದ ನೀರು ಕೊಳ್ಳುತ್ತದೆ. 1962ರ ಒಪ್ಪಂದ, ದಿನಕ್ಕೆ 25 ಕೋಟಿ ಗ್ಯಾಲನ್‌ವರೆಗೆ, 2061ರವರೆಗೆ ನಡೆಯುತ್ತದೆ. ಮಂಡ್ಯದಲ್ಲಿ ವಿಸಿ ನಾಲೆಯ ನೀರಿಗೆ ಸರದಿ ಕಾದ ಮನುಷ್ಯ ಅಪ್ಪ. ಕಾವೇರಿ ಗಲಾಟೆಯಲ್ಲಿ ಹೆದ್ದಾರಿ ಮೇಲೆ ಕುಳಿತವರು. "ಒಪ್ಪಂದ ಮುಗಿದ ಮೇಲೆ ಏನು ಮಾಡ್ತಾರೆ?" ಅಂತ ಕೇಳುತ್ತಲೇ ಇದ್ದರು.

ಮಾರನೇ ದಿನ ಮಧ್ಯಾಹ್ನ ಶಾಪಿಂಗ್. ಅವ್ವ ಟೀಚರ್ ಜೊತೆ ಹೋದಳು. ನಾನು ಅಪ್ಪನನ್ನು ಟ್ಯಾಕ್ಸಿಯಲ್ಲಿ ಮರೀನಾ ಬ್ಯಾರೇಜಿಗೆ ಕರೆದುಕೊಂಡು ಹೋದೆ. ಸಮುದ್ರದ ಬಾಯಿಗೆ ಅಡ್ಡಕಟ್ಟಿ ಮಳೆ ನೀರು ಹಿಡಿಯುವ ಕಟ್ಟೆ ಅದು, 2008ರಲ್ಲಿ ಶುರುವಾಯಿತು. ಊರಿನ ನಟ್ಟನಡುವೆ ಸಿಹಿನೀರಿನ ಕೆರೆ. ಒಳಗೆ ಹೋಗಲು ಟಿಕೆಟ್ ಇಲ್ಲ. ಅಪ್ಪ ಗೇಟು ಎಣಿಸಿದರು, ಒಂಬತ್ತು. ಮಳೆ ಜಾಸ್ತಿಯಾಗಿ ಸಮುದ್ರ ಇಳಿದಿದ್ದರೆ ಗೇಟು ಇಳಿಸಿ ನೀರು ಬಿಡುತ್ತಾರೆ, ಸಮುದ್ರ ಏರಿದ್ದರೆ ಪಂಪು ಹಾಕುತ್ತಾರೆ. ಅದನ್ನು ವಿವರಿಸುವ ಬೋರ್ಡಿನ ಮುಂದೆ ಅರ್ಧ ಗಂಟೆ ನಿಂತು, ನನ್ನಿಂದ ಒಂದೊಂದು ಸಾಲೂ ಕನ್ನಡದಲ್ಲಿ ಹೇಳಿಸಿಕೊಂಡರು. ಏಳು ದಿನದಲ್ಲಿ ಅವರ ಮಂಡಿ ನೋವಿನ ಮಾತು ಬರದ ಮಧ್ಯಾಹ್ನ ಅದೊಂದೇ.

ಊರಿಗೆ ಬಂದ ಮೇಲೆ ಅವ್ವ ಮತ್ತೆ ಕಜ್ಜಾಯ ಮಾಡಿದಳು. ಗಸಗಸೆ ಕೈ ತುಂಬ ಹಾಕಿದಳು. ಒಂದು ಡಬ್ಬಿ ನನ್ನ ಕೈಲಿ ಕೊಟ್ಟು, ಭಾನುವಾರ ಕುವೆಂಪುನಗರಕ್ಕೆ ಕರೆದುಕೊಂಡು ಹೋಗು ಅಂದಳು.