ಯಾಕೋಬನ ಕರಾರು, ಟೊಮೆಟೊ ಬಾಕ್ಸಿನ ಕೂಲಿ

ಧರ್ಮಗ್ರಂಥ ಹಿಡಿದು ಟೊಮೆಟೊ ಕೊಯ್ಲಿನ ಕೂಲಿ ಕುದುರಿಸುತ್ತೇನೆಂದಾಗ ಮುಳಬಾಗಿಲು ಸುತ್ತಿನ ಇತರ ಮೇಸ್ತ್ರಿಗಳು ನಕ್ಕಿದ್ದರು. ಈಗ ನಮ್ಮ ಗುಂಪಿನ ಹೆಣ್ಣಾಳುಗಳಿಗೆ ದಿನಕ್ಕೆ 400 ರೂಪಾಯಿಯ ಆಸುಪಾಸು ದಕ್ಕುತ್ತಿರುವುದನ್ನು ಕಂಡು, ನಕ್ಕವರೇ ವಿಧಾನ ಕೇಳಿಕೊಂಡು ಬರುತ್ತಿದ್ದಾರೆ.

ಮೊದಲು ಹಿಡಿದದ್ದು ಬೈಬಲಿನ ಧರ್ಮೋಪದೇಶಕಾಂಡದ 24ನೆಯ ಅಧ್ಯಾಯ. ಬಡವನ ಕೂಲಿಯನ್ನು ಅದೇ ದಿನ, ಹೊತ್ತು ಮುಳುಗುವುದರೊಳಗೆ ಕೊಡಬೇಕೆಂಬುದು ಅಲ್ಲಿಯ ವಿಧಿ. ತೋಟದವರು ತಕರಾರಿಲ್ಲದೆ ಒಪ್ಪಿದರು. ಆದರೆ ಕೂಲಿ ಎಷ್ಟೆಂಬುದನ್ನು ಆ ವಿಧಿ ಹೇಳುವುದಿಲ್ಲವಾದ್ದರಿಂದ 300 ರೂಪಾಯಿ 300 ಆಗಿಯೇ ಉಳಿಯಿತು, ಬೇಗ ಸಿಕ್ಕಿತು ಅಷ್ಟೆ. ಮತ್ತಾಯನ ಸುವಾರ್ತೆಯ ದ್ರಾಕ್ಷಿತೋಟದ ಸಾಮ್ಯವಂತೂ ನಮಗೇ ತಿರುಗುಬಾಣವಾಯಿತು. ಬೆಳಿಗ್ಗೆ ಬಂದವರಿಗೂ ಸಂಜೆ ಬಂದವರಿಗೂ ಒಂದೇ ದಿನಾರಿ ನಾಣ್ಯ ಕೊಟ್ಟ ಯಜಮಾನನ ಕಥೆ ಬಲ್ಲ ತೋಟದವರೊಬ್ಬರು, "ಒಪ್ಪಿದ ಕೂಲಿ ಕೊಟ್ಟಿದ್ದೇನಲ್ಲಮ್ಮಾ, ಇದರಲ್ಲಿ ಅನ್ಯಾಯವೇನು?" ಎಂದು ನನ್ನ ಬಾಯಿ ಮುಚ್ಚಿಸಿದರು.

ಕೆಲಸಕ್ಕೆ ಬಂದದ್ದು ಬೈಬಲಿನದೇ ಆದಿಕಾಂಡದ 30ನೆಯ ಅಧ್ಯಾಯ. ಇಬ್ಬರು ಹೆಂಡತಿಯರಿಗಾಗಿ 14 ವರ್ಷ ದುಡಿದ ಯಾಕೋಬನಿಗೆ ಮಾವನಾದ ಲಾಬಾನ, ನಿನ್ನ ಸಂಬಳವನ್ನು ನೀನೇ ಹೇಳು ಎನ್ನುತ್ತಾನೆ. ಯಾಕೋಬ ಹಣ ಕೇಳದೆ, ಮಂದೆಯಲ್ಲಿ ಚುಕ್ಕೆ ಮಚ್ಚೆಯುಳ್ಳ ಆಡುಗಳೂ ಕಪ್ಪು ಕುರಿಗಳೂ ತನ್ನವೆಂದು ಕರಾರು ಮಾಡಿಕೊಂಡ. ಯಾರ ಪಾಲು ಎಷ್ಟೆಂದು ಯಾರು ಬಂದು ನೋಡಿದರೂ ತಿಳಿಯುತ್ತಿತ್ತು. ಅದೇ ಜಾಡಿನಲ್ಲಿ ನಾನು ದಿನಗೂಲಿ ಬಿಟ್ಟು, ಬಾಕ್ಸಿಗೆ 18 ರೂಪಾಯಿಯೆಂದು ಪಟ್ಟು ಹಿಡಿದೆ. ಒಬ್ಬಳು ದಿನಕ್ಕೆ ಹೆಚ್ಚುಕಡಿಮೆ 22 ಬಾಕ್ಸು ಕೊಯ್ಯುತ್ತಾಳೆ. ಬದುವಿನ ಮೇಲೆ ಹತ್ತು ಹತ್ತರ ಸಾಲಿನಲ್ಲಿ ಜೋಡಿಸಿದರೆ ಎಣಿಕೆಯಲ್ಲಿ ಜಗಳವಿಲ್ಲ.

ಲಾಬಾನನು ಕರಾರಾದ ದಿನವೇ ಮಚ್ಚೆಯ ಆಡುಗಳನ್ನು ಬೇರ್ಪಡಿಸಿ, ಮೂರು ದಿನದ ದಾರಿಯಷ್ಟು ದೂರ ಸಾಗಿಸಿಬಿಟ್ಟಿದ್ದ. ನಮ್ಮಲ್ಲಿ ಆ ಯುಕ್ತಿ ಬಂದದ್ದು ಬಾಕ್ಸಿನ ಮೇಲೆ: 15 ಕೆ.ಜಿ. ಹಿಡಿಯುವುದಕ್ಕೆ ಗೋಪುರದಂತೆ ಹಣ್ಣು ಪೇರಿಸಿ, 17-18 ಕೆ.ಜಿ. ತುಂಬಿಸಿಕೊಳ್ಳತೊಡಗಿದರು. ಅಂದಿನಿಂದ "ಬಾಯಿಮಟ್ಟ" ಎಂಬ ಷರತ್ತು ಸೇರಿಸಿದೆ. ಕೊಳೆತದ್ದನ್ನು ಆರಿಸಿ ಎಸೆಯುವ ಕೆಲಸಕ್ಕೆ ಬೇರೆ ಕೂಲಿಯೆಂದೂ ಮಾಡಿಸಿದೆ. ಲಾಬಾನನು ತನ್ನ ಕೂಲಿಯನ್ನು ಹತ್ತು ಸಾರಿ ಬದಲಿಸಿದನೆಂದು ಯಾಕೋಬ ಮುಂದೆ ದೂರುತ್ತಾನಾದ್ದರಿಂದ, ಹಂಗಾಮು ಮುಗಿಯುವವರೆಗೂ ದರ ಬದಲಾಗದೆಂದು ಮೊದಲ ಕೊಯ್ಲಿಗೆ ಮುಂಚೆಯೇ ಚೀಟಿ ಬರೆಸುತ್ತೇನೆ. 18ಕ್ಕೆ ನಿಲ್ಲಿಸಲು ಮೊದಲು ಎಷ್ಟು ಹೇಳುತ್ತೇನೆ, ಯಾರ ಎದುರಿಗೆ ಹೇಳುತ್ತೇನೆ ಎಂಬುದನ್ನು ಇಲ್ಲಿ ಬರೆಯಲಾರೆ. ಈ ಬರಹವನ್ನು ತೋಟದವರೂ ಓದುತ್ತಾರೆ.

ನಡುವೆ ಹಿಂದೂ ಧರ್ಮಶಾಸ್ತ್ರದ ಯಾಜ್ಞವಲ್ಕ್ಯ ಸ್ಮೃತಿಯನ್ನೂ ಪರೀಕ್ಷಿಸಿದೆ. ಕೂಲಿ ಗೊತ್ತುಮಾಡದೆ ದುಡಿಸಿಕೊಂಡವನು ವ್ಯಾಪಾರ, ಪಶು, ಬೆಳೆಗಳ ಹುಟ್ಟುವಳಿಯಲ್ಲಿ ಹತ್ತನೆಯ ಒಂದು ಪಾಲು ಕೊಡಬೇಕೆಂದು ಅದರಲ್ಲಿದೆ. ಆ ಲೆಕ್ಕಕ್ಕೆ ಒಪ್ಪಿದ್ದ ಒಂದೇ ಒಂದು ತೋಟದಲ್ಲಿ, 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ ಬಾಕ್ಸು 2,000 ರೂಪಾಯಿ ದಾಟಿದಾಗ ನಮಗೆ ಬಾಕ್ಸಿಗೆ 200 ರೂಪಾಯಿ ಬಂತು. ಬೆಲೆ 100ರ ಆಸುಪಾಸಿಗೆ ಬಿದ್ದ ಮೇಲೆ 10 ರೂಪಾಯಿಯಾಗಿ, ಟೆಂಪೋ ಬಾಡಿಗೆ ಕಳೆದರೆ ಏನೂ ಮಿಗದಿದ್ದಾಗ ಹೆಂಗಸರೇ ಬೇಡವೆಂದರು.

ಬರುವ ಹಂಗಾಮಿಗೆ ಶ್ರೀನಿವಾಸಪುರದ ಮಾವಿನ ತೋಪುಗಳನ್ನು ಕೇಳಿದ್ದೇನೆ. ಮರ ಹತ್ತಿ ಕೊಯ್ಯುವವರಿಗೂ ಕೆಳಗೆ ಆರಿಸಿ ತುಂಬುವವರಿಗೂ ಕ್ರೇಟಿನ ಕೂಲಿಯನ್ನು ಹೇಗೆ ಹಂಚಬೇಕೆಂಬುದು ಇನ್ನೂ ಬಗೆಹರಿದಿಲ್ಲ.