ಕರಿಯನಿಗೆ 13, ಪುಟ್ಟಿಗೆ 11: ಇಬ್ರನ್ನೂ ಒಂದೇ ಮನೇಲಿ ನೋಡ್ಕೊಳ್ಳೋದು

ನಾವಿರೋದು ಪುಣೆಯ ಕೋಥ್ರೂಡ್‌ನಲ್ಲಿ, ಊರು ಶಿರಸಿ ಕಡೆ. ಮಗಳು ಪುಟ್ಟಿಗೆ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗಲ್ಲ), ವೀಲ್‌ಚೇರ್‌ನಲ್ಲೇ ಓಡಾಟ, ಮಾತಿಲ್ಲ, ಚಿತ್ರದ ಕಾರ್ಡ್ ತೋರಿಸಿ ಬೇಕಾದ್ದು ಹೇಳ್ತಾಳೆ. ಕರಿಯ ನಮ್ಮ ನಾಯಿ, ಅವಳು ಹುಟ್ಟೋಕೂ ಮುಂಚೆ ಬೀದಿಯಿಂದ ಬಂದವನು, ಈಗ ಹಿಂಗಾಲಲ್ಲಿ ಶಕ್ತಿ ಇಲ್ಲ, ಕಿವಿ ಕೇಳಲ್ಲ, ಕಿಡ್ನಿನೂ ಸೋತಿದೆ. ಮಗು ನೋಡ್ಕೊಳ್ಳೋದೇ ಕಷ್ಟ, ಮುದಿ ನಾಯಿ ಯಾಕೆ, ಯಾರಿಗಾದ್ರೂ ಕೊಟ್ಬಿಡಿ ಅಂತಾರೆ ಜನ. ಕೊಡೋ ಮಾತೇ ಇಲ್ಲ.

ಮೊದ್ಲು ನೆಲದ ವಿಷಯ. ವಿಟ್ರಿಫೈಡ್ ಟೈಲ್ಸ್ ಮೇಲೆ ಅವನ ಹಿಂಗಾಲು ಜಾರತ್ತೆ, ಮ್ಯಾಟ್ ಹಾಕಿದ್ರೆ ವೀಲ್‌ಚೇರಿನ ಮುಂದಿನ ಸಣ್ಣ ಚಕ್ರ ಅಂಚಿಗೆ ಸಿಕ್ಕಾಕ್ಕೊಳ್ಳತ್ತೆ. ಅದಕ್ಕೆ ತೆಳ್ಳಗಿನ ರಬ್ಬರ್ ಶೀಟು ತಂದು ಹಾಲಿಂದ ಬಾಲ್ಕನಿವರೆಗೂ ಒಂದೇ ಪಟ್ಟಿಯಾಗಿ ಹಾಸಿ, ಅಂಚಿಗೆಲ್ಲ ಡಬಲ್ ಸೈಡ್ ಟೇಪ್ ಅಂಟಿಸಿದ್ವಿ. ಇಬ್ರಿಗೂ ಆಯ್ತು. ಪಂಜದ ಮಧ್ಯದ ಕೂದ್ಲು, ಉಗುರು ಕತ್ತರಿಸ್ತಾ ಇದ್ರೆ ಜಾರೋದು ಇನ್ನೂ ಕಮ್ಮಿ.

ಔಷಧಿ ವಿಷ್ಯ ಮಾತ್ರ ದಯವಿಟ್ಟು ಗಮನ ಕೊಟ್ಟು ಓದಿ. ಪುಟ್ಟಿಗೆ ಸ್ನಾಯು ಬಿಗಿತಕ್ಕೆ ಬ್ಯಾಕ್ಲೋಫೆನ್ ಕೊಡ್ತೀವಿ, ಇಂಥ ಮಕ್ಕಳಿಗೆ ಸಾಮಾನ್ಯವಾಗಿ ಕೊಡೋ ಮಾತ್ರೇನೇ ಅದು, ಆದ್ರೆ ನಾಯಿ ಹೊಟ್ಟೆಗೆ ಸ್ವಲ್ಪ ಹೋದ್ರೂ ಫಿಟ್ಸ್ ಬಂದು ಉಸಿರು ನಿಲ್ಲೋ ಮಟ್ಟಕ್ಕೆ ಹೋಗ್ಬಹುದು. ನಾವು ಪುಡಿ ಮಾಡಿ ಮೊಸರಲ್ಲಿ ಕಲಸಿ ಕೊಡೋದು, ಅವಳು ಅರ್ಧ ಉಗುಳ್ತಾಳೆ, ಕೆಳಗೆ ಬಿದ್ದಿದ್ದನ್ನ ನೆಕ್ಕೋಕೆ ಕರಿಯ ಕಾಯ್ತಿರ್ತಾನೆ. ಹಾಗಾಗಿ ಆ ಹೊತ್ತಿಗೆ ಅವನು ಬಾಲ್ಕನಿಯಲ್ಲಿ, ಬಾಗ್ಲು ಹಾಕಿರತ್ತೆ, ಬಟ್ಲು ತೊಳೆದು ನೆಲ ಒರೆಸಿ ಆಮೇಲೇ ಒಳಗೆ. ಮನೇಲಿರೋ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೂಡ ನಾಯಿಗೆ ವಿಷವೇ, ಕಾಲುನೋವು ಅಂತ ಪಾಪ ಅನ್ಸಿ ಕೊಡ್ಬೇಡಿ. ಕಿಡ್ನಿ ಕೆಟ್ಟಿರೋ ನಾಯಿಗೆ ಯಾವ ನೋವಿನ ಮಾತ್ರೆ ಆಗತ್ತೆ ಅನ್ನೋದು ರಕ್ತ ಪರೀಕ್ಷೆ ನೋಡಿ ವೆಟ್, ಅಂದ್ರೆ ಪ್ರಾಣಿ ಡಾಕ್ಟ್ರೇ ಹೇಳ್ಬೇಕು.

ಕಿವಿ ಕೇಳದ ನಾಯಿ ನಿದ್ದೇಲಿದ್ದಾಗ ತಟ್ಟನೆ ಮುಟ್ಟಿದ್ರೆ ಎಷ್ಟೇ ಸಾಧು ಆಗಿರ್ಲಿ, ಬೆಚ್ಚಿ ಬಾಯಿ ಹಾಕ್ಬಹುದು. ಪುಟ್ಟಿ ಕೈ ಅವಳ ಹಿಡಿತದಲ್ಲಿರಲ್ಲ, ಜೋರಾಗಿ ಬೀಳತ್ತೆ. ಅದಕ್ಕೆ ನಾವು ಮೊದ್ಲು ನೆಲ ತಟ್ತೀವಿ, ಅದುರಿದ್ದು ಗೊತ್ತಾಗಿ ಅವನು ತಲೆ ಎತ್ತಿ ಇವಳನ್ನ ನೋಡಿದ ಮೇಲೇನೇ ಇವಳ ಕೈ ಹಿಡ್ದು ಸವರ್ಸೋದು. ಅವನ ಹಾಸಿಗೆನೂ ವೀಲ್‌ಚೇರ್ ದಾರಿಯಿಂದ ಮೂಲೆಗೆ ಸರಿಸಿದೀವಿ, ಇಲ್ದಿದ್ರೆ ಬಾಲ ಚಕ್ರದ ಕೆಳಗೆ.

ಬಿಲ್ಡಿಂಗ್ ಬಾಗಿಲಲ್ಲಿ ಮೂರು ಮೆಟ್ಲು, ಸುಮಾರು ಒಂದೂವರೆ ಅಡಿ. ವೀಲ್‌ಚೇರ್ ರ‍್ಯಾಂಪಿಗೆ ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಬೇಕು, ಅಂದ್ರೆ ನಮಗೆ ಹದಿನೆಂಟು ಅಡಿ, ಜಾಗ ಇಲ್ಲ ಅಂತ ಸೊಸೈಟಿಯೋರು ಎಳೆದಾಡಿದ್ರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರು ಹೇಳಿ ಲೆಟರ್ ಕೊಟ್ಟು, ಮಧ್ಯ ತಿರುವು ಕೊಟ್ಟು ಮಾಡ್ಬಹುದು ಅಂತ ಕಾಗದದ ಮೇಲೆ ಬರೆದು ತೋರಿಸಿದ್ಮೇಲೆ ಆಯ್ತು. ಈಗ ಕರಿಯನೂ ಅದರ ಮೇಲೇ ಇಳಿಯೋದು, ಹೊಟ್ಟೆ ಕೆಳಗೆ ಟವೆಲ್ ಹಾಕಿ ಹಿಂಭಾಗ ಎತ್ತಿ ಹಿಡೀತೀವಿ. ಮಳೆಗಾಲದಲ್ಲಿ ನಿಂತ ನೀರಿಗೆ ಬಿಡಲ್ಲ, ಲೆಪ್ಟೋ ಅನ್ನೋ ಇಲಿಜ್ವರ ಇಲಿ ಮೂತ್ರ ಸೇರಿದ ನೀರಿಂದ ನಾಯಿಗೂ ನಮಗೂ ಬರತ್ತೆ, ಅವನಿಗೆ ಅದರ ಲಸಿಕೆ ವರ್ಷ ವರ್ಷ ಹಾಕಿಸ್ತೀವಿ.

ಅವನು ಹೋಗೋ ದಿನದ ಬಗ್ಗೆ ಪುಟ್ಟಿಗೆ ಮುಚ್ಚಿಟ್ಟಿಲ್ಲ. ಕರಿಯ ಮಲ್ಕೋತಾನೆ, ಏಳಲ್ಲ ಅಂತ ಮಾತ್ರ ಹೇಳಲ್ಲ ಅಂತ ನಾನೂ ಇವ್ರೂ ಗಟ್ಟಿ ಮಾಡ್ಕೊಂಡ್ವಿ, ಯಾಕಂದ್ರೆ ಅವಳಿಗೇ ಆಗಾಗ ಮತ್ತು ಬರೋ ಔಷಧಿ ಕೊಟ್ಟು ಮಲಗಿಸಿ ಕಾಲಿಗೆ ಇಂಜೆಕ್ಷನ್ ಹಾಕಿಸ್ಬೇಕು, ಆಗ ತಾನೂ ಏಳಲ್ಲ ಅಂತ ಹೆದರ್ಕೋತಾಳೆ. ಸಾಯ್ತಾನೆ ಅಂತಲೇ ಹೇಳಿದ್ವಿ. ಆಗ ಅವನ ಜೊತೆಗಿರ್ತೀಯಾ ಅಂತ ಕೇಳಿದ್ದಕ್ಕೆ ಹೌದು ಅನ್ನೋ ಕಾರ್ಡ್ ಮೇಲೆ ಕೈ ಇಟ್ಳು. ವೆಟ್ ಕ್ಲಿನಿಕ್ ಇರೋದು ಮೊದಲನೇ ಮಹಡೀಲಿ, ಲಿಫ್ಟ್ ಇಲ್ಲ, ಅದಕ್ಕೇ ಇಂಜೆಕ್ಷನ್ ಕೊಟ್ಟು ನೋವಿಲ್ದೆ ಕಳಿಸ್ಬೇಕಾದ ಸಂದರ್ಭ ಬಂದ್ರೆ ಮನೆಗೇ ಬನ್ನಿ ಡಾಕ್ಟ್ರೇ ಅಂತ ಈಗ್ಲೇ ಕೇಳಿಟ್ಟಿದೀವಿ, ಅವ್ರು ಒಪ್ಕೊಂಡಿದಾರೆ.